ಚಿಕ್ಕಪ್ಪನ ಪುಸ್ತಕ, ಚಿಕ್ಕವ್ವನ ಬಳೆ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ ಕಾಳು ಬೇಸಿನ್ ತುಂಬ ಉಬ್ಬಿ ನಿಂತಿತ್ತು. ಚನ್ನಪಟ್ಟಣದ ನಮ್ಮ ಮನೆಯ ಹಿತ್ತಲ ಕಟ್ಟೆಗೆ ಮಧ್ಯಾಹ್ನದ ಹೊತ್ತು ಒಳ್ಳೆಯ ಬಿಸಿಲು ಬರುತ್ತದೆ, ಚಳಿಗಾಲಕ್ಕೆ ಅಂತ ದೇವರು ನಮಗೇ ಎತ್ತಿಟ್ಟಂಥ ಬಿಸಿಲು. ಅದರಲ್ಲಿ ಕಾಲು ಚಾಚಿಕೊಂಡು ಈ ಕಡೆ ನಾನು, ಆ ಕಡೆ ನಮ್ಮ ಚಿಕ್ಕವ್ವ, ನಡುವೆ ಬೇಸಿನ್. ಎರಡು ಬೆರಳ ನಡುವೆ ಕಾಳನ್ನು ಒಸಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಸಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಮಾತು ಬೇಡದ ಕೆಲಸ. ಚಿಕ್ಕವ್ವನ ಕೈ ಆಡಿದ ಹಾಗೆಲ್ಲ ಹಸಿರು ಗಾಜಿನ ಬಳೆ ಕಿಣಿಕಿಣಿ ಅನ್ನುತ್ತಿತ್ತು. ಆ ಸದ್ದು ಬರಬರುತ್ತಾ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ನೋಡಿದರೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದಾಳೆ, ಬೆರಳ ಸಂದಿಯಲ್ಲಿ ಒಂದು ಕಾಳು ಹಾಗೇ ಇದೆ. ಈ ವಯಸ್ಸಿನಲ್ಲೂ ಕೂತಲ್ಲೇ ನಿದ್ದೆ ಬರುತ್ತದಲ್ಲ, ಅದೂ ಒಂದು ಭಾಗ್ಯ ಅಂದುಕೊಂಡೆ.

ಅಷ್ಟರಲ್ಲಿ ಕಿಟಕಿ ಮೇಲಿಟ್ಟಿದ್ದ ಫೋನು ಬಡಕೊಂಡಿತು. ಸಿಪ್ಪೆ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಎತ್ತಿದೆ. ದೆಹಲಿಯಿಂದ. ನಮ್ಮ ಚಿಕ್ಕಪ್ಪ, ಅಂದರೆ ಈ ಚಿಕ್ಕವ್ವನ ಗಂಡ, ಪೇಪರಿಗೆ ಫೋಟೋ ತೆಗೆಯುತ್ತಿದ್ದವನು. ಅವನು ಎಂದೋ ಮಾಡಿದ ಮೂರು ಪುಸ್ತಕ ಮತ್ತೆ ಅಚ್ಚಾಗಿವೆ, ಆ ಪಟಗಳನ್ನೆಲ್ಲ ದೊಡ್ಡದು ಮಾಡಿ ಗೋಡೆಗೆ ಹಾಕುತ್ತಾರೆ ಅಂತ ಅಲ್ಲಿಯವರು ಕರೆಸಿಕೊಂಡಿದ್ದರು. ಹೋಗಬೇಡಿ ಅಂದರೆ ಕೇಳುವ ಆಸಾಮಿಯೇ ಅಲ್ಲ. ಹೆಗಲಿಗೆ ಅದೇ ಹಳೇ ಚೀಲ ಹಾಕಿಕೊಂಡು, ಬಾಗಿಲಲ್ಲಿ ನಿಂತು ಮಜ್ಜಿಗೆ ಕುಡಿದು ಹೋಗಿದ್ದ. ಈಗ ಫೋನು ಮಾಡಿದ್ದು ಆ ಪುಸ್ತಕ ಅಚ್ಚು ಹಾಕಿಸಿದವರ ಕಡೆಯ ಹೆಣ್ಣುಮಗಳು, ಕನ್ನಡದವಳೇ, ಪಾಪ, ಅಳುತ್ತಿದ್ದಳು.

"ಆಂಟಿ, ಸರ್‌ಗೆ ಬೆಳಿಗ್ಗೆ ಕಾಫಿ ತಗೊಂಡು ಹೋದ್ರೆ ಎದ್ದೇ ಇಲ್ಲ ಆಂಟಿ. ನಿದ್ದೆಯಲ್ಲೇ ಹೋಗಿದ್ದಾರೆ. ಡಾಕ್ಟರು ನೋಡಿದ್ರು. ನಾಳೆ ವಿಮಾನದಲ್ಲಿ ಕಳಿಸ್ತೀವಿ."

ಹಿಂದೆಯೇ ಫೋನಿಗೆ ಒಂದು ಪಟ ಬಂತು. ಸಾವಿನ ಸುದ್ದಿಯನ್ನು ಎಲ್ಲರಿಗೂ ಕಳಿಸುತ್ತಾರಲ್ಲ, ಅಂಥದ್ದು. ಸುತ್ತ ಕಪ್ಪು ಗೆರೆ, ಒಳಗೆ ಚಿಕ್ಕಪ್ಪ. ಈಗಿನ ಮುಖ ಅಲ್ಲ, ಕುರುಚಲು ಗಡ್ಡದ ವಯಸ್ಸಿನ ಮುಖ. ಈ ಪಟವನ್ನು ನಾನು ಬಲ್ಲೆ. ಈ ಕಪ್ಪು ಗೆರೆಯ ಜೊತೆಗೇ ಬಲ್ಲೆ. ಒಂದು ಕಾಲದಲ್ಲಿ ಇದು ನಮ್ಮ ಮನೆಗೆ ಬಂದು ಸುಳ್ಳು ಹೇಳಿಹೋಗಿತ್ತು.

ನಮ್ಮೆಜಮಾನರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ವಾಪಸು ಹಿತ್ತಲಿಗೆ ಬಂದರೆ ಚಿಕ್ಕವ್ವ ಹಾಗೇ ಮಲಗಿದ್ದಾಳೆ, ಬಿಸಿಲು ಅವಳ ಮಡಿಲಲ್ಲಿದೆ. ಅವರಿಗೆ ಮಕ್ಕಳಿಲ್ಲ, ನಾನೇ ಮಗಳು, ಇರುವುದೂ ನಮ್ಮ ಜೊತೆಗೇ. ಹೇಳಬೇಕಾದವಳೂ ನಾನೇ. ಆದರೆ ಎಬ್ಬಿಸಲು ಕೈ ಬರಲಿಲ್ಲ. ಅವಳು ಮಲಗಿರುವಷ್ಟು ಹೊತ್ತು ಅವಳ ಮಟ್ಟಿಗೆ ಚಿಕ್ಕಪ್ಪ ದೆಹಲಿಯಲ್ಲಿ ಕಾಫಿ ಕುಡಿಯುತ್ತಿದ್ದಾನೆ. ಬಿಸಿಲು ತಾನಾಗಿ ಸರಿಯುವ ತನಕ ಇರಲಿ ಅಂತ ಎದುರಿಗೆ ಕೂತೆ. ಕಣ್ಣು ಅವಳ ಕೈಬಳೆ ಮೇಲೆ. ಮನಸ್ಸು ಎಲ್ಲೆಲ್ಲೋ ಹೋಗಿ ನಮ್ಮೂರ ಮನೆಯ ಹೊಸ್ತಿಲ ಹತ್ತಿರ ನಿಂತುಕೊಂಡಿತು.

ವಿರೂಪಾಕ್ಷಿಪುರದಿಂದ ಒಳಕ್ಕೆ ಹೋಗಬೇಕು ನಮ್ಮೂರಿಗೆ. ಮೂರಂಕಣದ ನಾಡಹೆಂಚಿನ ಮನೆ. ಹೆಸರಿಗೆ ನಮ್ಮದು, ದಿಟವಾಗಿ ರೇಷ್ಮೆ ಹುಳಗಳದ್ದು. ನಡುಮನೆಯ ತುಂಬ ಬಿದಿರ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಣೆ ಕಟ್ಟಿ ಜೋಡಿಸಿಬಿಟ್ಟರೆ ಮನುಷ್ಯರು ಜಗಲಿಯಲ್ಲಿ, ಅಡುಗೆಮನೆ ಮೂಲೆಯಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಲಗಬೇಕು. ಹುಳ ಇರುವಷ್ಟು ದಿನ ನಮ್ಮಜ್ಜಿಯ ಮಡಿ ದೇವಸ್ಥಾನದ ಮಡಿಗಿಂತ ಜಾಸ್ತಿ. ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲ. ಒಗ್ಗರಣೆ ಘಾಟು ಏಳಿಸುವ ಹಾಗಿಲ್ಲ. ಹೊರಗಿನವರು ಇಣುಕುವ ಹಾಗಿಲ್ಲ. ಸಾವಿನ ಮನೆಗೆ ಹೋಗಿಬಂದವರು ಸೊಪ್ಪು ಮುಟ್ಟುವ ಹಾಗಿಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ, ಅವು ಜ್ವರಕ್ಕೆ ಕೂತಾಗ ಮನೆಯವರೆಲ್ಲ ಪಿಸುಮಾತಿನಲ್ಲೇ ಜಗಳ ಆಡಬೇಕು. ನಾಲ್ಕನೇ ಜ್ವರದಿಂದ ಎದ್ದವೋ, ಆಮೇಲೆ ನೋಡಬೇಕು ಅವುಗಳ ಹಸಿವು. ಸೊಪ್ಪು ಹರಡಿದ ಗಳಿಗೆಯಲ್ಲಿ ನಡುಮನೆ ತುಂಬ ಸರಸರ ಸರಸರ ಅಂತ ಸದ್ದು ಏಳುತ್ತಿತ್ತು. ಆ ಸದ್ದಿನೊಳಗೆ ಕಣ್ಣು ಮುಚ್ಚಿ, ಅದೇ ಸದ್ದಿನೊಳಗೆ ಕಣ್ಣು ಬಿಟ್ಟು ಬೆಳೆದವಳು ನಾನು. ಈಗಲೂ ಒಂದೊಂದು ಸಲ ದೇವರ ಮುಂದೆ ಕಣ್ಮುಚ್ಚಿ ಕೂತರೆ ಮಂತ್ರಕ್ಕಿಂತ ಮೊದಲು ಆ ಸದ್ದೇ ಕಿವಿಗೆ ಬರುತ್ತದೆ.

ತಟ್ಟೆಗೆ ಸಗಣಿ ಬಳಿದು ಒಣಗಿಸಿ, ಮೇಲೆ ಹಳೇ ಪೇಪರು ಹಾಸಿ ಮರಿಹುಳ ಬಿಡುವುದು. ಆ ಪೇಪರು ಚಿಕ್ಕಪ್ಪನ ಕೆಲಸದ ಪೇಪರೇ. ಬೆಂಗಳೂರಿಂದ ಬಂದಾಗಲೆಲ್ಲ ಹೊರೆಗಟ್ಟಲೆ ತಂದು ಹಾಕುತ್ತಿದ್ದ. ಹಾಗಾಗಿ ಅವನು ತೆಗೆದ ಪಟಗಳನ್ನು ನಾವು ನೋಡಿದ್ದೆಲ್ಲ ಹಿಪ್ಪುನೇರಳೆ ಸೊಪ್ಪಿನ ಚೂರುಗಳ ನಡುವೆಯೇ. ಮಂತ್ರಿಗಳ ಮೂಗಿನ ಮೇಲೆ ಹುಳ ಹತ್ತುತ್ತಿತ್ತು, ಪೈಲ್ವಾನರ ಎದೆ ಮೇಲೆ ಹಿಕ್ಕೆ ಹಾಕುತ್ತಿತ್ತು. ಚಿಕ್ಕಪ್ಪನಿಗೆ ಬೇಜಾರಿರಲಿಲ್ಲ.

"ಬೇರೆಯೋರ್ ಮನೇಲಿ ಬೆಳಿಗ್ಗೆ ಓದಿ ಸಾಯಂಕಾಲ ಬಿಸಾಕ್ತಾರೆ ಕಣಮ್ಮಿ. ನಮ್ಮನೇಲಿ ನನ್ ಪಟ ರೇಷ್ಮೆ ಆಯ್ತದೆ" ಅನ್ನುತ್ತಿದ್ದ.

ಎಲ್ಲರ ಪಟ ತೆಗೆಯುವ ಅವನ ಪಟ ಮಾತ್ರ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ನಮ್ಮ ಗೋಡೆಗೆ ಏರುತ್ತಿದ್ದವರು ಇಬ್ಬರೇ: ದೇವರು, ಇಲ್ಲವೇ ಸತ್ತವರು. ಬದುಕಿದ್ದವರ ಪಟ ಗೋಡೆಗೆ ಹಾಕಿದರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಅಜ್ಜಿ. ತೆಂಕಲ ಗೋಡೆಯಲ್ಲಿ ತಾತನ ಪಟ, ಅದಕ್ಕೊಂದು ಒಣಗಿದ ಹಾರ. ಚಿಕ್ಕಪ್ಪ ಚಿಕ್ಕವ್ವನ ಮದುವೆ ಪಟ ಕೂಡ ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯೊಳಗೆ ಅಡಗಿತ್ತು. ಈ ಸಂಗತಿ ನೆನಪಿರಲಿ, ಮುಂದೆ ಬಂದ ಆಪತ್ತಿಗೆಲ್ಲ ಇದೇ ಬೇರು.

ಅವನ ಮೊದಲನೇ ಪುಸ್ತಕ ಕಲೆಯದ್ದು. ಗುಡಿಗಳ ಶಿಲ್ಪ, ಗೊಂಬೆ ಮಾಡುವವರು, ಚರ್ಮದ ಮೇಲೆ ಚಿತ್ರ ಬರೆಯುವವರು, ಇಂಥವರ ಪಟ. ಅಜ್ಜಿ ಅದಕ್ಕೆ ದೇವರ ಪುಸ್ತಕ ಅಂತ ಹೆಸರಿಟ್ಟು ದೇವರ ಗೂಡಿನಲ್ಲಿ ಇಟ್ಟುಕೊಂಡಳು. ಸರಸ್ವತಿ ಪೂಜೆ ದಿವಸ ತೆಗೆದು ಒಂದೊಂದು ಹಾಳೆಯಲ್ಲೂ ಕಂಡ ದೇವಿಯ ಹಣೆಗೆ ಕುಂಕುಮ ಇಡುವುದು. ಮೈಮೇಲೆ ಬಟ್ಟೆ ಇಲ್ಲದ ಶಿಲ್ಪಗಳಿಗೆ ನಮ್ಮವ್ವ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಲಂಗದ ಹಾಗೆ ಅಂಟಿಸಿದ್ದಳು. ಅದರಲ್ಲಿ ಚನ್ನಪಟ್ಟಣದ ಒಬ್ಬ ಸಾಬರ ಕೈ ಪಟ ಇತ್ತು. ಮುಖ ಇಲ್ಲ, ಬರೀ ಕೈ. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದಿದೆ, ಬಣ್ಣ ಹಾಗೇ ಮರದ ಮೈಗೆ ಕರಗಿ ಸುತ್ತಿಕೊಳ್ಳುತ್ತಿದೆ. ಅಜ್ಜಿ ಆ ಕೈಗೂ ಕುಂಕುಮ ಇಟ್ಟಿದ್ದಳು. ದೊಡ್ಡತ್ತೆ, ಅಂದರೆ ನಮ್ಮಪ್ಪನ ಅಕ್ಕ, ಅದನ್ನು ನೋಡಿ ಮೂಗು ಮುರಿದಳು.

"ಅದ್ಯಾವ ದೇವ್ರವ್ವ? ಸಾಬ್ರು ಕೈಗೆ ಕುಂಕ್ಮ ಮಡಗಿದ್ದೀಯಲ್ಲ!"

"ದೇವ್ರು ಮಾಡೋದೂ ಕೈಯಲ್ವೇನೆ? ಇರ್ಲಿ ಬುಡು."

ಎರಡನೆಯದು ರಾಜಕೀಯದ್ದು. ಅದಕ್ಕೆ ಅಜ್ಜಿಯ ಬಾಯಲ್ಲಿ ಕೈ ಮುಗಿಯೋರ ಪುಸ್ತಕ ಅಂತ ಹೆಸರು, ಯಾಕೆಂದರೆ ಯಾವ ಹಾಳೆ ತೆಗೆದರೂ ಯಾರೋ ಒಬ್ಬರು ಕೈ ಮುಗಿದುಕೊಂಡು ನಿಂತಿರುತ್ತಿದ್ದರು. ಅದಕ್ಕೆ ಒಳಮನೆಗೆ ಪ್ರವೇಶ ಇಲ್ಲ. ಜಗಲಿಯಲ್ಲೇ ಅದರ ವಾಸ. ಪಕ್ಕದ ಮನೆಯ ಕೆಂಪಣ್ಣ ಅದರ ಖಾಯಂ ಗಿರಾಕಿ. ಯಾವುದೋ ಸಭೆಯ ಪಟದಲ್ಲಿ, ನಾಯಕರ ಹಿಂದೆ ಜನಜಂಗುಳಿಯಲ್ಲಿ ಒಂದು ಮೊಣಕೈ ಕಾಣುತ್ತಿತ್ತು, ಅದು ತನ್ನದೇ ಅಂತ ಅವನ ವಾದ. ಅಳಿಯ ಬಂದರೆ ತೋರಿಸುವುದು, ಬೀಗರು ಬಂದರೆ ತೋರಿಸುವುದು. ನಮ್ಮಪ್ಪನಿಗೆ ತಮಾಷೆ.

"ಅದು ನಿನ್ ಮೊಣಕೈ ಅಂತ ಏನ್ಲಾ ಗುರ್ತು?"

"ನನ್ ಮೊಣಕೈ ನಂಗ್ ಗೊತ್ತಾಗಕ್ಕಿಲ್ವಾ? ಮಚ್ಚೆ ನೋಡು!"

"ಅದು ಹುಳುದ್ ಹಿಕ್ಕೆ ಕಣ್ಲಾ!"

ಇಂಥಾ ನಗು ಇದ್ದ ಮನೆ ಅದು. ಚಿಕ್ಕಪ್ಪ ಬಂದರೆ ನಗು, ಹೋದರೆ ಸುಮ್ಮನೆ. ಚಿಕ್ಕವ್ವನನ್ನು ಬೆಂಗಳೂರಿಗೆ ಕರಕೊಂಡು ಹೋಗಿರಲಿಲ್ಲ, ಒಂದು ಊರಲ್ಲಿ ನಿಲ್ಲುವ ಕೆಲಸವಲ್ಲ ಅವನದು. ಅವಳು ನಮ್ಮ ಜೊತೆಯೇ ಇದ್ದು ಹುಳ ಮೇಯಿಸುತ್ತಿದ್ದಳು. ಹುಳದ ಮನೆಗೆ ಅವಳ ಕೈ ಅಂದರೆ ಕೈ. ಸೊಪ್ಪು ಹರಡುವಾಗ ಬಳೆ ಸದ್ದು ಕೇಳಿದರೆ ಹುಳ ತಲೆ ಎತ್ತುತ್ತವೆ ಅಂತ ನಾವು ಮಕ್ಕಳು ನಂಬಿದ್ದೆವು.

ಆಮೇಲೆ ಚಿಕ್ಕಪ್ಪ ಯುದ್ಧದ ಪಟ ತೆಗೆಯಲು ಹೋದ. ಯಾವ ದೇಶ, ಯಾರ ಮೇಲೆ ಯಾರ ಯುದ್ಧ, ನಮಗೆ ಹೇಳಿದರೂ ತಿಳಿಯುತ್ತಿರಲಿಲ್ಲ. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಒಂದು ವರ್ಷದ ಹಬ್ಬಗಳೆಲ್ಲ ಅವನಿಲ್ಲದೆ ಕಳೆದವು. ಚಿಕ್ಕವ್ವ ಏನೂ ಕೇಳುತ್ತಿರಲಿಲ್ಲ. ಸಂಜೆ ಬಸ್ಸಿನ ಹಾರನ್ನು ಕೇಳಿದಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಹುಳ ನಾಲ್ಕನೇ ಜ್ವರದಿಂದ ಎದ್ದ ದಿವಸ ಪೋಸ್ಟಿನವನು ಒಂದು ದಪ್ಪ ಕಟ್ಟು ತಂದುಕೊಟ್ಟ. ಒಳಗೆ ಒಂದು ಪುಸ್ತಕ. ಕಾಗದ ಇಲ್ಲ, ಒಂದು ಗೆರೆ ಬರಹ ಇಲ್ಲ. ಹೊರಗೆ ಬರೆದ ವಿಳಾಸವೂ ಚಿಕ್ಕಪ್ಪನ ಕೈಯದಲ್ಲ. ಅಪ್ಪ ಜಗಲಿಯಲ್ಲಿ ಕೂತು ಬಿಡಿಸಿದ. ಮೊದಲ ಹಾಳೆಯಲ್ಲೇ ಬೀದಿಯಲ್ಲಿ ಮಲಗಿದ ಒಬ್ಬ ಮನುಷ್ಯ. ಮಲಗಿದ್ದಲ್ಲ ಅಂತ ತಿಳಿಯಲು ಒಂದು ಗಳಿಗೆ ಹಿಡಿಯಿತು. ಮುಂದಿನದು ಒಬ್ಬ ತಾಯಿ, ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು. ಹೀಗೇ ಹಾಳೆಯಿಂದ ಹಾಳೆಗೆ, ಕಣ್ಣು ಮುಚ್ಚಿದವರು, ಕಣ್ಣು ಮುಚ್ಚಿಸುವವರು. ಅಪ್ಪ ಬೇಗ ಬೇಗ ತಿರುಗಿಸಿ ಕೊನೆಗೆ ಬಂದ. ಹಿಂದಿನ ರಟ್ಟಿನ ಮೇಲೆ ಒಂದು ಪಟ. ಕುರುಚಲು ಗಡ್ಡ, ಸೀದಾ ನೋಡುವ ಕಣ್ಣು, ಸುತ್ತ ದಪ್ಪ ಕಪ್ಪು ಗೆರೆ. ನಮ್ಮ ಚಿಕ್ಕಪ್ಪ.

ಹುಳಕ್ಕೆ ಸಹಾಯ ಮಾಡಲು ಕನಕಪುರದ ಕಡೆಯಿಂದ ಬಂದಿದ್ದ ದೊಡ್ಡತ್ತೆ ಅದನ್ನು ಕಂಡು ಎದೆ ಬಡಕೊಂಡಳು.

"ಅಯ್ಯೋ ನನ್ ತಮ್ಮ! ಕಪ್ಪು ಗೆರೆ ಹಾಕವ್ರೆ ಕಣವ್ವ! ಪೇಪರ್ನಲ್ಲಿ ಸತ್ತೋರಿಗೆ ಹಾಕ್ತಾರಲ್ಲ, ಅದೇ ಗೆರೆ!"

"ಸುಮ್ಕಿರಕ್ಕ, ಒಸಿ ಸುಮ್ಕಿರು" ಅಂತ ಅಪ್ಪ ಅಂದ.

"ಏನ್ ಸುಮ್ಕಿರೋದು? ಪುಸ್ತಕ ತುಂಬ ಸತ್ತೋರೇ ಅವ್ರೆ, ಕೊನೇಲಿ ಇವ್ನು. ಬದುಕಿದ್ರೆ ತಾನೇ ಎತ್ಕೊಂಡ್ ಬತ್ತಿರ್ನಿಲ್ವಾ? ಯಾರೋ ಕಳಿಸವ್ರೆ ಅಂದ್ರೆ ಇನ್ನೇನೋ?"

ಪಟ ಅಂದರೆ ದೇವರದ್ದು, ಇಲ್ಲ ಸತ್ತವರದ್ದು. ಚಿಕ್ಕಪ್ಪ ದೇವರಲ್ಲ. ನಮ್ಮ ಮನೆಯ ಲೆಕ್ಕಕ್ಕೆ ಅದರಲ್ಲಿ ಸಂದೇಹಕ್ಕೆ ಜಾಗವೇ ಇರಲಿಲ್ಲ. ಅವ್ವ ಅಳಲು ಶುರು ಮಾಡಿದಳು, ನಾವು ಮಕ್ಕಳೂ ಅತ್ತೆವು. ಕೆಂಪಣ್ಣ ಬೇಲಿ ದಾಟಿ ಓಡಿಬಂದ. ಆಗ ನಡುಮನೆಯ ಬಾಗಿಲಲ್ಲಿ ಚಿಕ್ಕವ್ವ ಕಾಣಿಸಿದಳು, ಸೊಂಟದ ಮೇಲೆ ಸೊಪ್ಪಿನ ಕುಕ್ಕೆ. ಎಲ್ಲರ ಮುಖ ನೋಡಿದಳು, ಅಪ್ಪನ ಕೈಲಿದ್ದ ಪಟ ನೋಡಿದಳು. ಅಳಲಿಲ್ಲ.

"ಸೊಪ್ಪು ಹಾಕಿ ಬತ್ತೀನಿ" ಅಂದಳು. ಒಳಗೆ ತಿರುಗಿದಳು.

"ಮುಟ್ಬ್ಯಾಡ ಕಣೆ! ಸೂತಕದ ಕೈ!" ದೊಡ್ಡತ್ತೆ ಕೂಗಿಕೊಂಡಳು. "ಅವ್ವಾ, ಅವ್ಳುನ್ನ ಹೊರಕ್ಕೆ ಕರಿ. ಆಗ್ಬೇಕಾದ್ದು ಆಗ್ಲಿ. ಬಳೆ..."

ಆ ಮಾತು ಪೂರಾ ಆಗಲಿಲ್ಲ. ದೊಡ್ಡತ್ತೆ ಕೆಟ್ಟವಳಲ್ಲ. ಚಿಕ್ಕ ವಯಸ್ಸಿಗೇ ಗಂಡ ಹೋದಾಗ ಅವಳ ಕೈ ಬರಿದು ಮಾಡಿದ್ದರು. ಹಾಗೆ ಮಾಡುವುದೇ ಧರ್ಮ ಅಂತ ಅವಳು ಆವತ್ತೇ ನಂಬದೆ ಹೋಗಿದ್ದರೆ ಅಷ್ಟು ವರ್ಷ ಹೇಗೆ ಬದುಕುತ್ತಿದ್ದಳು ಅಂತ ಈಗ ಅನಿಸುತ್ತದೆ. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಈಗ ಕೈ ಎತ್ತಿದಳು.

"ಸೂತಕ ಅಂತ ಯಾರಂದ್ರು? ನಿಂತ್ಕಳಿ ಎಲ್ಲಾ. ಪಟದ ಕೆಳಗೆ ಅಕ್ಷರ ಐತಲ್ಲ, ಅದೇನ್ ಹೇಳ್ತದೆ ಕೇಳಾನ ಮೊದ್ಲು. ಸುಸೀಲಿ, ಬಾರಮ್ಮಿ ಇಲ್ಲಿ. ನೀ ಇಸ್ಕೂಲಲ್ಲಿ ಇಂಗ್ಲೀಸು ಓದ್ತೀಯಲ್ಲ."

"ಆ ಕೂಸಿನ ಎಬಿಸಿಡಿ ನಂಬ್ಕಂಡ್ ಕೂತ್ಕತೀಯಾ ಅವ್ವ?"

ಪುಸ್ತಕ ನನ್ನ ತೊಡೆ ಮೇಲೆ ಬಂತು. ಭಾರ. ಅಕ್ಷರಗಳು ಕಪ್ಪಿರುವೆ ಸಾಲಿನ ಹಾಗೆ ಓಡುತ್ತಿದ್ದವು. ಮೊದಲಿಗೆ ಚಿಕ್ಕಪ್ಪನ ಹೆಸರು ಸಿಕ್ಕಿತು, ಸಿದ್ದರಾಜು. ಆಮೇಲೆ ಉದ್ದುದ್ದ ಪದ, ಒಂದೂ ಬಾಯಿಗೆ ಬಾರದು. ನಮ್ಮೂರ ದೇವಿ ಅಮ್ಮನವರನ್ನು ನೆನೆದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಇಳಿದೆ. ಕಟ್ಟಕಡೆಯ ಸಾಲಿನಲ್ಲಿ ನನಗೆ ಗುರುತಿದ್ದ ಒಂದು ಪುಟ್ಟ ಪದ ಕೂತಿತ್ತು. ಲಿವ್ಸ್. ಅದರ ಮುಂದೆ ಬೆಂಗಳೂರು. ನಮ್ಮ ಇಂಗ್ಲೀಷ್ ಪಾಠದಲ್ಲಿ ಮೇಷ್ಟ್ರು ರಾಗವಾಗಿ ಹೇಳಿಸುತ್ತಿದ್ದ ವಾಕ್ಯ ಕಿವಿಯಲ್ಲಿ ಮೊಳಗಿತು: ದಿ ಲಯನ್ ಲಿವ್ಸ್ ಇನ್ ಎ ಡೆನ್, ಸಿಂಹ ಗುಹೆಯಲ್ಲಿ ವಾಸಿಸುತ್ತದೆ.

"ಅಜ್ಜಿ, ಬೆಂಗ್ಳೂರಲ್ಲಿ ವಾಸ ಮಾಡ್ತಾನೆ ಅಂತ ಐತೆ."

"ದಿಟವಾ?"

"ದಿಟ ಅಜ್ಜಿ. ಸಿಂಹದ ಪಾಠದಲ್ಲಿ ಇದೇ ಪದ ಐತೆ."

"ಯಾವ್ ಸಿಂಹ?"

"ಗುಹೇಲಿ ವಾಸ ಮಾಡೋದು."

"ನೋಡ್ದಾ! ತಮ್ಮ ಹೋದ್ನೋ ಉಳುದ್ನೋ ಅಂತ ಕೇಳುದ್ರೆ ಸಿಂಹದ ಕತೆ ಹೇಳ್ತದೆ ಇದು!" ಅಂತ ದೊಡ್ಡತ್ತೆ ಮತ್ತೆ ಎದೆಗೆ ಕೈ ಹಾಕಿದಳು.

ಆಗ ನಡುಮನೆಯಿಂದ ಚಿಕ್ಕವ್ವನ ದನಿ ಬಂತು, ಬಹಳ ಮೆಲ್ಲಗೆ.

"ಅತ್ತೆ, ಹುಳ ಸೊಪ್ಪು ಮುಗಿಸ್ಬುಟ್ಟವೆ. ಕುಯ್ದಿರೋದು ಸಾಲಕ್ಕಿಲ್ಲ."

ಅಜ್ಜಿ ಎದ್ದಳು. ದೇವರ ಗೂಡಿನ ಹತ್ತಿರ ಹೋಗಿ ಅರಿಶಿನದ ಬಟ್ಟೆ ಹರಿದುಕೊಂಡಳು. ಚಿಕ್ಕವ್ವನನ್ನು ಕರೆದು ಎಡಗೈಯಿಂದ ಒಂದು ಹಸಿರು ಬಳೆಯನ್ನು ಜೋಪಾನವಾಗಿ, ಮುರಿಯದ ಹಾಗೆ, ಸೋಪಿನ ನೊರೆ ಹಚ್ಚಿ ಜಾರಿಸಿದಳು. ಅದನ್ನು ಆ ಬಟ್ಟೆಯಲ್ಲಿ ಸುತ್ತಿ ಮುಡಿಪು ಕಟ್ಟಿ ಗೂಡಿನ ಮೊಳೆಗೆ ಸಿಕ್ಕಿಸಿದಳು. ನಾವೆಲ್ಲ ಕೇಳುವ ಹಾಗೆ ಹೇಳಿದಳು:

"ತಾಯೀ, ನನ್ ಮಗ ಈ ಹೊಸ್ಲು ತುಳುದ್ರೆ, ಇನ್ಮೇಲೆ ನಮ್ ಮನೇಲಿ ಯಾವತ್ತು ಯಾರು ಹೋದ್ರೂ ಸರಿ, ಒಂದ್ ಹೆಣ್ಣಿನ ಬಳೇನೂ ಒಡೆಯಕ್ಕಿಲ್ಲ. ಇದು ನಿನ್ನ ಮುಂದೆ ಕಟ್ಟಿರೋ ಮಾತು." ಆಮೇಲೆ ನಮ್ಮ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದ್ದೀರಿ? ಸೊಪ್ಪು ಕುಯ್ಯಕ್ಕೆ ನಡೀರಿ. ಕೆಂಪಣ್ಣ, ನೀನೂ ಬಾ, ಆ ಮೊಣಕೈಗೆ ಒಸಿ ಕೆಲ್ಸ ಕೊಡು."

ಆಮೇಲಿನ ದಿನಗಳು ನನಗೆ ಕನಸಿನ ಹಾಗೇ ನೆನಪು. ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ. ಅಪ್ಪ ಬೆಂಗಳೂರಿಗೆ ಹೋಗಿ ಕೇಳಿಬರುತ್ತೇನೆ ಅಂದರೆ ಅಜ್ಜಿ ಬಿಡಲಿಲ್ಲ, ಹುಳ ಹಣ್ಣಾಗಿ ಗೂಡಿಗೆ ಏರುವ ತನಕ ಒಂದು ಕೈಯೂ ಕಮ್ಮಿಯಾಗಬಾರದು. ದೊಡ್ಡತ್ತೆ ಮಾತು ಬಿಟ್ಟು ಸೊಪ್ಪು ಹೆಚ್ಚಿದಳು. ಹುಳ ತಿಂದವು, ತಿಂದವು, ನಾನು ಆ ಸದ್ದಿನಲ್ಲಿ ಲಿವ್ಸ್ ಲಿವ್ಸ್ ಲಿವ್ಸ್ ಅಂತ ಕೇಳಿಸಿಕೊಂಡು ನಿದ್ದೆ ಮಾಡಿದೆ. ನನ್ನ ಒಂದು ಪದದ ಮೇಲೆ ಚಿಕ್ಕವ್ವನ ಕೈಬಳೆ ನಿಂತಿದೆ ಅನ್ನುವುದು ಆ ವಯಸ್ಸಿಗೂ ಗೊತ್ತಿತ್ತು. ದಿನಾ ಸ್ಕೂಲಿಗೆ ಹೋದವಳೇ ಸಿಂಹದ ಪಾಠ ತೆಗೆದು ಪದ ಸರಿಯಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ. ಮುಂದೆ ನಾನು ಹೆಚ್ಚೇನೂ ಓದಲಿಲ್ಲ, ಮದುವೆಯಾಯಿತು, ಮನೆ ಮಕ್ಕಳು ಆದರು. ಆದರೂ ಯಾವ ಕಾಗದ ಬಂದರೂ ಕೊನೆಯ ಸಾಲಿನ ತನಕ ಓದದೆ ಕೆಳಗಿಡುವವಳಲ್ಲ. ಅದು ಆ ದಿನಗಳು ಕೊಟ್ಟ ಅಭ್ಯಾಸ.

ಹುಳ ಹಣ್ಣಾದವು. ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ನೂಲು ಕಟ್ಟಲು ಜಾಗ ಹುಡುಕುತ್ತವೆ. ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಅನ್ನುವ ಬಿದಿರ ತಡಿಕೆಗೆ ಬಿಡಬೇಕು. ಎಲ್ಲರೂ ನಡುಮನೆಯಲ್ಲಿ ಆ ಕೆಲಸದಲ್ಲಿದ್ದೆವು. ಹೊಸ್ತಿಲಿಗೆ ನೆರಳು ಬಿತ್ತು. ತಲೆ ಎತ್ತಿದರೆ ಹೆಗಲಿಗೆ ಚೀಲ, ಕುರುಚಲು ಗಡ್ಡ, ಪಟದಲ್ಲಿದ್ದ ಹಾಗೇ ಸೀದಾ ನೋಡುವ ಕಣ್ಣು. ಅಜ್ಜಿಯೊಬ್ಬಳೇ ಗದರಿದಳು.

"ನಿಂತ್ಕಳ್ಳಲಾ ಅಲ್ಲೇ! ಎಲ್ಲೆಲ್ಲಿ ಮೈಲಿಗೆ ತುಳ್ಕಂಡ್ ಬಂದಿದ್ದೀಯೋ. ಹುಳ ಐತೆ ಕಣ್ಣಿಗ್ ಕಾಣಕ್ಕಿಲ್ವಾ? ಹಿತ್ಲು ಕಡೆ ಹೋಗಿ ನೀರ್ ಹುಯ್ಕೊ ಮೊದ್ಲು!"

"ಯಾಕವ್ವ, ಎಲ್ಲಾರೂ ದೆವ್ವ ಕಂಡಂಗ್ ನೋಡ್ತೀರಿ? ಪುಸ್ತಕ ಬರ್ನಿಲ್ವಾ? ಆಫೀಸಿನೋರಿಗೆ ಕಳ್ಸಿ ಅಂದಿದ್ದೆ."

"ಬಂತು ಕಣಪ್ಪ. ಆ ಕಪ್ಪು ಗೆರೆ ಯಾಕ್ಲಾ ಹಾಕ್ಸ್ದೆ?"

"ಚೆಂದಕ್ಕೆ ಹಾಕವ್ರೆ ಕಣವ್ವ."

"ನಿಮ್ಮೋರ್ ಚೆಂದಕ್ಕೆ ಬೆಂಕಿ ಹಾಕ!" ಅಂದವಳೇ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ಕೂತಳು. ಅಷ್ಟು ದಿನದ ಅಳು.

ಹಿತ್ತಲಲ್ಲಿ ಚಿಕ್ಕವ್ವ ತಾಮ್ರದ ಹಂಡೆಯಿಂದ ಮೊಗೆದು ಮೊಗೆದು ನೀರು ಹುಯ್ದಳು. ನಾನು ಟವೆಲ್ಲು ಹಿಡಿದು ನಿಂತಿದ್ದೆ. ನೀರಿನ ಸದ್ದು, ಬಳೆ ಸದ್ದು. ಬಹಳ ಹೊತ್ತಿಗೆ ಚಿಕ್ಕಪ್ಪ ಅವಳ ಕೈ ನೋಡಿದ. ಪಟ ತೆಗೆಯುವವನ ಕಣ್ಣಲ್ಲವೇ.

"ಈ ಕೈಲಿ ಒಂದ್ ಬಳೆ ಕಮ್ಮಿ ಐತಲ್ಲ?"

"ದೇವ್ರ ಹತ್ರ ಐತೆ" ಅಂದಳು ಚಿಕ್ಕವ್ವ. ಇನ್ನೊಂದು ಚೊಂಬು ಹುಯ್ದಳು.

ಆ ಪುಸ್ತಕವನ್ನು ಎಲ್ಲಿಡಬೇಕು ಅನ್ನುವುದೇ ಆಮೇಲೆ ಮನೆಯಲ್ಲಿ ದೊಡ್ಡ ಮಾತಾಯಿತು. ದೇವರ ಗೂಡಿಗೆ ಸಲ್ಲದು, ಜಗಲಿಗೆ ಬೇಡ, ಹುಳದ ಮನೆಗಂತೂ ಕೂಡದು. ಮಾರ್ಲಮಿ ಹಬ್ಬ ಬಂತು, ಹಿರಿಯರಿಗೆ ಎಡೆ ಇಡುವ ಹಬ್ಬ. ತೆಂಕಲ ಗೋಡೆಯ ಕೆಳಗೆ ತಾತನ ಎಲೆ ಹಾಕಿದ ಮೇಲೆ ಅಜ್ಜಿ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿದಳು. ಅದರ ಮುಂದೆ ಆ ಪುಸ್ತಕ ತಂದು ಮಣೆಯ ಮೇಲೆ ಇಟ್ಟಳು.

"ಇದ್ಯಾರ್ ಎಲೆ ಅವ್ವ?" ಅಪ್ಪ ಕೇಳಿದ.

"ಆವತ್ತು ಅಷ್ಟು ಅತ್ವಲ್ಲ, ನಮ್ಮೋನಿಗಲ್ಲ ಅಂತ ಆಯ್ತು. ಹಂಗಾರೆ ಆ ಅಳು ಯಾರ್ದು? ಇವ್ರುದೇ. ಯಾರ್ ಹೆತ್ತ ಮಕ್ಳೋ, ಇವ್ರಿಗೆ ಎಡೆ ಇಡೋರು ಉಳುದವ್ರೋ ಇಲ್ವೋ."

"ಅವ್ರು ಏನ್ ತಿಂತಾರೋ, ಯಾವ್ ಜನವೋ" ಅಂತ ದೊಡ್ಡತ್ತೆ ಮೆಲ್ಲಗೆ ಅಂದಳು.

"ಗೊತ್ತಿಲ್ದೋರಿಗೆ ಪಾಯ್ಸ ಇಡು. ಸಿಹಿ ಯಾರೂ ಬ್ಯಾಡ ಅನ್ನಕ್ಕಿಲ್ಲ."

ಪಾಯಸ ಬಡಿಸಿದ್ದು ದೊಡ್ಡತ್ತೆಯೇ, ಬರಿಗೈಯಲ್ಲಿ. ಚಿಕ್ಕಪ್ಪನ ಕೈ ಅಭ್ಯಾಸದ ಮೇಲೆ ಕ್ಯಾಮೆರಾ ಚೀಲದ ಕಡೆ ಹೋಯಿತು. ಅಲ್ಲೇ ಒಂದು ಗಳಿಗೆ ಇತ್ತು. ಆಮೇಲೆ ಆ ಕೈ ವಾಪಸು ಬಂದು ಇನ್ನೊಂದು ಕೈಯನ್ನು ಸೇರಿಕೊಂಡಿತು. ಅವನು ಕೈ ಮುಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಂದ ಪ್ರತಿ ವರ್ಷ ಆ ಎಲೆ ನಮ್ಮಲ್ಲಿ ತಪ್ಪಿಲ್ಲ. ಅಜ್ಜಿ ಹೋದ ಮೇಲೆ ಅವ್ವ ಇಟ್ಟಳು, ಈಗ ನಾನು ಇಡುತ್ತೇನೆ. ಪುಸ್ತಕವೂ ಮುಡಿಪೂ ಅವ್ವನ ಕೈಯಿಂದ ನನ್ನ ಕೈಗೆ, ಈ ಮನೆಗೆ ಬಂದವು.

ಬಿಸಿಲು ಚಿಕ್ಕವ್ವನ ಮಡಿಲಿಂದ ಇಳಿದು ಪಾದದ ಹತ್ತಿರ ಹೋಗಿತ್ತು. ಕಾಲಿಗೆ ಚಳಿ ತಾಗಿತೋ ಏನೋ, ಕಣ್ಣು ಬಿಟ್ಟಳು. ಬೆರಳ ಸಂದಿಯ ಕಾಳನ್ನು ನೋಡಿ ನಕ್ಕಳು. ನನ್ನ ಮುಖ ನೋಡಿ ನಗು ನಿಂತಿತು.

"ಯಾರ್ ಫೋನು ಸುಸೀಲಿ?"

ಆ ಪಟ ತೆರೆದು ಫೋನನ್ನೇ ಅವಳ ಕೈಗೆ ಕೊಟ್ಟೆ. ಅವಳು ದೂರ ಹಿಡಿದುಕೊಂಡು, ಬೆಳಕಿಗೆ ತಿರುಗಿಸಿಕೊಂಡು ನೋಡಿದಳು.

"ಇದು ಆ ಪುಸ್ತಕದ ಪಟ ಅಲ್ವಾ? ಯುದ್ಧದ್ದು."

"ಹೂಂ."

"ಗೆರೆ ಹಾಕವ್ರೆ."

"ಹೂಂ ಚಿಕ್ಕವ್ವ."

ಅವಳು ಫೋನನ್ನು ನನ್ನ ಕಡೆಗೇ ಚಾಚಿದಳು. "ಕೆಳಗೆ ಏನೋ ಬರ್ದವ್ರೆ. ಪೂರ್ತಿ ಓದು. ಸಿಂಹದ ಪಾಠ ಎಲ್ಲಾರಾ ಐತಾ ನೋಡು."

ಓದಿದೆ. ಮೊದಲ ಸಾಲಿಂದ ಕೊನೆಯ ಸಾಲಿನ ತನಕ, ಒಂದು ಪದವನ್ನೂ ಬಿಡದೆ ಓದಿದೆ.

"ಈ ಸಲ ಇಲ್ಲ ಚಿಕ್ಕವ್ವ."

ಪಕ್ಕದ ಮನೆಯ ತೆಂಗಿನ ಗರಿ ಅಲ್ಲಾಡುತ್ತಿತ್ತು, ಅವಳು ಅದನ್ನೇ ನೋಡುತ್ತಾ ಕೂತಳು. ಹೇಗಾಯಿತು ಅಂತ ಕೇಳಿದಳು. ನಿದ್ದೆಯಲ್ಲಿ ಅಂದೆ.

"ನಿದ್ದೇಲಾ? ಒಳ್ಳೇದಾಯ್ತು ಬುಡು. ಎಂಥೆಂಥಾ ಕಡೆ ಹೋಗಿ ಬಂದೋರು. ಗುಂಡಲ್ಲ, ಬಾಂಬಲ್ಲ. ಹಾಸ್ಗೆ ಮೇಲೆ." ಗಲ್ಲದ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಎರಡೂ ಕೈಯನ್ನು ಮುಂದೆ ಚಾಚಿದಳು. "ಇವು?"

ಒಳಗೆ ಹೋಗಿ ದೇವರ ಗೂಡಿನಿಂದ ಮುಡಿಪು ತಂದೆ. ಅರಿಶಿನದ ಬಟ್ಟೆ ಕಂದಿ ಕಪ್ಪಾಗಿದೆ, ಗಂಟು ಮಾತ್ರ ಅಜ್ಜಿ ಹಾಕಿದ ಹಾಗೇ ಇದೆ. ಅವಳ ಅಂಗೈಯಲ್ಲಿಟ್ಟೆ.

"ಅಜ್ಜಿ ಕಟ್ಟಿರೋ ಮಾತು. ಮಗ ಹೊಸ್ಲು ತುಳುದ. ತಾಯಿ ನಡೆಸ್ಕೊಟ್ಳು. ಈಗ ನಾವ್ ತಪ್ಪಕ್ ಆಯ್ತದಾ?"

"ಜನ ಏನಾರಾ ಅಂದ್ರೆ?"

"ಜನಕ್ಕೆ ನಾ ಓದಿ ಹೇಳ್ತೀನಿ ಬುಡು."

ಚಿಕ್ಕವ್ವ ಮುಡಿಪನ್ನು ಕಣ್ಣಿಗೊತ್ತಿಕೊಂಡಳು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಹೊರಗೆ ನಮ್ಮೆಜಮಾನರ ಗಾಡಿ ನಿಂತ ಸದ್ದು, ಯಾರ ಜೊತೆಯೋ ಮೆಲ್ಲಗೆ ಮಾತಾಡುವ ಸದ್ದು. ಇನ್ನು ಮನೆ ತುಂಬುತ್ತದೆ. ನಾನು ಬೇಸಿನ್ ಎತ್ತಿಡಲು ಬಗ್ಗಿದೆ. ಅವಳು ಅದರ ಅಂಚು ಹಿಡಿದುಕೊಂಡಳು.

"ಇತ್ತಾಗ್ ತಳ್ಳು. ನೆಂದ ಕಾಳು, ಬುಟ್ರೆ ಹಳಸ್ತವೆ. ನಾಳೆ ಬಂದೋರಿಗೆ ಪಕ್ಕದ್ಮನೆಯೋರು ಬೇಯ್ಸಿ ಹಾಕ್ತಾರೆ. ಇಷ್ಟು ಮುಗಿಸ್ಬುಟ್ಟು ಅಳ್ತೀನಿ."

ಬೇಸಿನ್ ನಡುವೆ ಇಟ್ಟು ನಾನೂ ಕೂತೆ. ಬೆರಳ ಸಂದಿಯಲ್ಲಿ ಉಳಿದಿದ್ದ ಆ ಒಂದು ಕಾಳನ್ನು ಅವಳು ಮೊದಲು ಒತ್ತಿದಳು. ಬೇಳೆ ಪಾತ್ರೆಗೆ ಬಿತ್ತು. ಬಳೆ ಕಿಣಿ ಅಂದಿತು. ನಾನೂ ಒಂದು ಹಿಡಿ ಕಾಳು ತೆಗೆದುಕೊಂಡೆ.